ಟಿಕೆಟ್ ಕ್ಲೋಸ್ ಆಯ್ತು, ದೀಪ ಹತ್ತಲಿಲ್ಲ

ಕಳೆದ ತಿಂಗಳು ಊರಿಗೆ ಹೋಗಿದ್ದೆ. ಮೈಸೂರಿನಲ್ಲಿ ಚಾಮರಾಜನಗರದ ರೈಲು ಹತ್ತಿ ಬದನಗುಪ್ಪೆಯಲ್ಲಿ ಇಳಿದಾಗ ಕತ್ತಲಾಗಿತ್ತು. ನಮ್ಮ ಬೀದಿ ದೀಪ ಉರೀತಿರಲಿಲ್ಲ. ಅದರ ಬಗ್ಗೆ ಅಪ್ಪ ಕೊಟ್ಟಿದ್ದ ದೂರಿಗೆ ಮೆಸೇಜ್ ಮಾತ್ರ ಬಂದಿತ್ತು, ದೂರು ಮುಕ್ತಾಯವಾಗಿದೆ ಅಂತ.

"ಮುಗೀತು ಅಂತಾರೆ, ದೀಪ ಹತ್ತದಾ ಅಂತ ಒಬ್ರೂ ಬಂದು ನೋಡ್ನಿಲ್ಲ ಕಣ್ಲಾ" ಅಂದ ಅಪ್ಪ.

ನಗು ಬಂತು. ಆಮೇಲೆ ನಾಚಿಕೆಯಾಯ್ತು. ಬೆಂಗಳೂರಲ್ಲಿ ನಾನು ಮಾಡೋದೂ ಇದನ್ನೇ.

ನಮ್ಮಲ್ಲಿ ಪ್ರತಿ ಶುಕ್ರವಾರ ಒಂದು ಚಾರ್ಟ್ ತೋರಿಸ್ತಾರೆ: ಯಾರು ಎಷ್ಟು ಟಿಕೆಟ್ ಕ್ಲೋಸ್ ಮಾಡಿದರು. ನಮ್ಮ ಬಿಲ್ಲಿನಲ್ಲಿ ಕನ್ನಡದ ಹೆಸರುಗಳು ಒಡೆದು ಅಚ್ಚಾಗುತ್ತಿದ್ದವು. 'ಮೂರ್ತಿ'ಯ ಅರ್ಕಾವತ್ತು ಎಲ್ಲೋ ಹೋಗಿ ಕೂರುತ್ತಿತ್ತು. ಸಹೋದ್ಯೋಗಿಯೊಬ್ಬಳು ಒಂಬತ್ತು ದಿನ ಕೂತು ಅದನ್ನು ಸರಿಮಾಡಿದಳು. ಅವಳ ಲೆಕ್ಕ: ಒಂದು. ನಾನು ಬಟನ್ ಬಣ್ಣ, ಸ್ಪೆಲಿಂಗು ಅಂತ ಒಂದೇ ಕೆಲಸವನ್ನು ಚೂರು ಮಾಡಿ ಬಿಡಿಬಿಡಿ ಟಿಕೆಟ್ ಹಾಕಿದೆ. ನನ್ನ ಲೆಕ್ಕ: ಹದಿನಾಲ್ಕು. ಅಪ್ರೈಸಲ್‌ನಲ್ಲಿ ನನಗೆ ಹೆಚ್ಚು, ಅವಳಿಗೆ ಕಡಿಮೆ. ನಾನು ಬಾಯಿ ಮುಚ್ಚಿಕೊಂಡು ತಗೊಂಡೆ.

ಇದೇನು ಹೊಸ ಸಂಗತಿಯಲ್ಲ. ಅಳತೆಯನ್ನೇ ಹತೋಟಿಯ ಸಾಧನ ಮಾಡಿಕೊಂಡರೆ ಅಳತೆ ಕೆಡುತ್ತದೆ ಎಂಬ ಎಚ್ಚರವನ್ನು ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಹಣಕಾಸು ನೀತಿಯ ವಿಚಾರದಲ್ಲಿ 1975ರಲ್ಲೇ ಕೊಟ್ಟಿದ್ದರು. 1998ರಲ್ಲಿ ಹೊರಬಂದ ಮೊಜಿಲ್ಲಾದವರ ಬಗ್‌ಜಿಲ್ಲಾವನ್ನೇ ನೋಡಿ. ಅದರಲ್ಲಿ 'ರಿಸಾಲ್ವ್ಡ್' ಬೇರೆ, 'ವೆರಿಫೈಡ್' ಬೇರೆ. ಸರಿಮಾಡಿದೆ ಅನ್ನೋದು ಒಬ್ಬರ ಮಾತು, ಸರಿಹೋಗಿದೆ ಅನ್ನೋದು ಇನ್ನೊಬ್ಬರು ನೋಡಿ ಹೇಳಬೇಕಾದದ್ದು. ನಾವು ಎರಡನ್ನೂ ಒಂದೇ ಮಾಡಿಕೊಂಡೆವು.

ಓಪನ್ ಸೋರ್ಸ್‌ನಲ್ಲೂ ಈ ರೋಗ ಇದೆ. ಗಿಟ್‌ಹಬ್‌ನ ಎಷ್ಟೋ ಪ್ರಾಜೆಕ್ಟುಗಳಲ್ಲಿ ಕೆಲವು ವಾರ ಯಾರೂ ಮಾತಾಡದ ದೂರನ್ನು 'ಸ್ಟೇಲ್' ಅಂತ ಬಾಟ್ ತಾನೇ ಮುಚ್ಚುತ್ತದೆ. ಯಾರೂ ರಿಪೇರಿ ಮಾಡಿಲ್ಲ, ಕೇಳಿದವರು ಕೇಳಿ ಕೇಳಿ ಸುಸ್ತಾಗಿದ್ದಾರೆ ಅಷ್ಟೆ. ಗ್ರಾಫ್ ಮಾತ್ರ ಚೆಂದ ಇಳಿಯುತ್ತದೆ.

"ಅಳೆಯದೆ ಮ್ಯಾನೇಜ್ ಮಾಡೋದು ಹೇಗೆ?" ಅಂತಾರೆ. ಅಳೀರಿ ಸ್ವಾಮಿ, ಬೇಡ ಅಂದವರ್ಯಾರು? ಮುಚ್ಚಿದ ಎಷ್ಟು ಟಿಕೆಟ್ ಮತ್ತೆ ತೆರೆದವು ಅಂತ ಅಳೀರಿ. ದೂರು ಕೊಟ್ಟವರು ಮೊದಲ ಉತ್ತರಕ್ಕೆ ಎಷ್ಟು ದಿನ ಕಾದರು ಅಂತ ಅಳೀರಿ. ಆ ಅಂಕಿಗಳಿಗೂ ಕಳ್ಳದಾರಿ ಹುಡುಕುತ್ತೇವೆ, ನಮ್ಮನ್ನು ನಾನು ಬಲ್ಲೆ. ಅದಕ್ಕೇ ಮುಖ್ಯವಾಗಿ ಎರಡು: ಅಂಕಿಯನ್ನು ಸಂಬಳಕ್ಕೆ ಕಟ್ಟಬೇಡಿ, ಮುಚ್ಚುವ ಬಟನ್ ದೂರು ಕೊಟ್ಟವರ ಕೈಲಿರಲಿ.

ಸೋಮವಾರ ಬಂದವನು ನನ್ನ ಹದಿನಾಲ್ಕರಲ್ಲಿ ಮೂರನ್ನು ನಾನೇ ಮತ್ತೆ ತೆರೆದೆ. ಅವು ಸರಿಯಾಗಿರಲೇ ಇಲ್ಲ. ಈ ಶುಕ್ರವಾರ ಚಾರ್ಟ್ ಹಾಕಿದಾಗ ಅವಳ ಒಂಬತ್ತು ದಿನದ ಬಗ್ಗೆ ಎಲ್ಲರ ಮುಂದೆ ಕೇಳೋನಿದ್ದೇನೆ. ನಿಮ್ಮ ಚಾರ್ಟಿನಲ್ಲೂ 'ಒಂದು' ಅಂತ ಕೂತಿರೋರು ಯಾರು, ಒಮ್ಮೆ ನೋಡಿ.