ರುಚಿಗೆ ನಮ್ಮ ಮಾತು ಸಾಲದೇ?

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆ ನಮಗೆಲ್ಲ ಗೊತ್ತು. ಆದರೆ ವೈನ್ ರುಚಿಯ ಬಗ್ಗೆ ಬರೆಯಲು ಕೂತಾಗ ಮಾತ್ರ ನಾಲಿಗೆಯೂ ಪರರಿಚ್ಛೆಗೆ ಒಳಗಾಗಿಬಿಡುತ್ತದೆ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಲು, ಕೆಲಸ ಹುಡುಕಲು ಪುಣೆ, ಹೈದರಾಬಾದ್, ಬೆಂಗಳೂರಿಗೆ ಹೋದ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹುಡುಗ ಹುಡುಗಿಯರಿಗೆ ಇಂದು ಈ ಲೋಕದ ಪರಿಚಯವಾಗುತ್ತಿದೆ. ಕೆಲವರು ರುಚಿ ನೋಡಿ ಟಿಪ್ಪಣಿ ಬರೆಯುವ ಹವ್ಯಾಸವನ್ನೂ ಬೆಳೆಸಿಕೊಳ್ಳುತ್ತಾರೆ. ಆದರೆ ಬಾಟಲಿ ಯಾವುದೇ ಇರಲಿ, ಟಿಪ್ಪಣಿಯಲ್ಲಿ ಬರುವ ಮಾತು ಒಂದೇ: ಬ್ಲ್ಯಾಕ್‌ಬೆರಿ, ಬ್ಲ್ಯಾಕ್‌ಕರಂಟ್, ಸೀಡರ್ ಮರ, ಹಳೆಯ ಚರ್ಮ. ಐಸ್‌ಕ್ರೀಮ್ ಕಪ್ಪಿನ ಮೇಲೆ ಹೆಸರು ಓದಿದ್ದನ್ನು ಬಿಟ್ಟರೆ, ಬ್ಲ್ಯಾಕ್‌ಕರಂಟನ್ನು ಗಿಡದಿಂದ ಕಿತ್ತು ತಿಂದವರು ನಮ್ಮಲ್ಲಿ ಎಷ್ಟು ಮಂದಿ? ಬರೆಯುವವನಿಗೂ ಗೊತ್ತಿಲ್ಲದ, ಓದುವವನಿಗೂ ಗೊತ್ತಿಲ್ಲದ ಹಣ್ಣಿನ ಹೆಸರಿನಿಂದ ಯಾರಿಗೆ ಏನು ತಿಳಿಯಬೇಕು?

ಇದು ಬರೀ ಶೋಕಿಯ ವಿಷಯವಲ್ಲ. ದ್ರಾಕ್ಷಿ ನಮಗೆ ದೂರದ ಬೆಳೆಯೂ ಅಲ್ಲ. ಪಕ್ಕದ ವಿಜಯಪುರ, ಗಡಿಯಾಚೆಯ ಸೊಲ್ಲಾಪುರ ದ್ರಾಕ್ಷಿಗೆ, ಒಣದ್ರಾಕ್ಷಿಗೆ ಹೆಸರಾದ ಜಿಲ್ಲೆಗಳು. ನಮ್ಮ ಆಳಂದ, ಅಫಜಲಪುರ ಭಾಗದಲ್ಲೂ ಅಲ್ಲಲ್ಲಿ ತೋಟಗಳಿವೆ. 1988ರಲ್ಲಿ ಗ್ರೋವರ್ ಕುಟುಂಬ ನಂದಿ ಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದ ಬಳಿ ವೈನ್ ಕಂಪನಿ ಕಟ್ಟಿತು. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು, ವೈನ್ ಮಂಡಳಿಯೂ ಹುಟ್ಟಿತು. ಬೆಳೆ ಇದೆ, ನೀತಿ ಇದೆ. ಆದರೆ ಯಾವುದು ಚೆನ್ನಾಗಿದೆ, ಏಕೆ ಚೆನ್ನಾಗಿದೆ ಎಂದು ನಮ್ಮ ಭಾಷೆಯಲ್ಲಿ ಬಿಡಿಸಿ ಹೇಳುವವರು ಕಡಿಮೆ. ಗುಣವನ್ನು ಹೆಸರಿಟ್ಟು ಹೇಳಬಲ್ಲವನ ಕೈಯಲ್ಲೇ ಬೆಲೆ ಕಟ್ಟುವ ಅಧಿಕಾರವೂ ಉಳಿಯುತ್ತದೆ ಎಂಬುದನ್ನು ಮರೆಯಬಾರದು.

ವೈನಿನ ಪರಿಭಾಷೆ ಆಕಾಶದಿಂದ ಇಳಿದದ್ದಲ್ಲ. ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆ್ಯನ್ ನೋಬಲ್ 1984ರಲ್ಲಿ ವೈನಿನ ಪರಿಮಳಗಳ ಒಂದು ಚಕ್ರ ರೂಪಿಸಿದರು. 'ಗಂಭೀರ', 'ಸೊಗಸು' ಎಂಬಂಥ ತೇಲುವ ಮಾತು ಬಿಟ್ಟು, ಮೂಗಿಗೆ ಹತ್ತಿದ್ದನ್ನು ಗೊತ್ತಿರುವ ವಸ್ತುವಿನ ಹೆಸರಿನಿಂದ ಹೇಳಬೇಕು ಎಂಬುದು ಅದರ ಉದ್ದೇಶ. ಕಲಿಯುವವರಿಗೆ ಅವರು ಹೇಳಿಕೊಟ್ಟ ಉಪಾಯವೂ ಸರಳ. ಸಾದಾ ವೈನಿನಲ್ಲಿ ಅಡುಗೆಮನೆಯ ಒಂದೊಂದೇ ಪದಾರ್ಥ ಬೆರೆಸಿ ಮೂಸಿ ನೋಡು, ಆ ವಾಸನೆ ನೆನಪಿನಲ್ಲಿ ಇಟ್ಟುಕೋ. ಅವರು ಬಳಸಿದ್ದು ಅವರ ಅಡುಗೆಮನೆ. ನಾವು ಬಳಸಬೇಕಾದ್ದು ನಮ್ಮದು.

ನಮ್ಮ ಮಸಾಲೆ ಡಬ್ಬಿ ಈ ಕೆಲಸಕ್ಕೆ ಸಾಲದು ಅನ್ನುವವರು ವಿಜ್ಞಾನ ನೋಡಲಿ. ಶಿರಾಜ್ ವೈನಿನಲ್ಲಿ ಬರುವ ಕರಿಮೆಣಸಿನ ವಾಸನೆ ಕವಿಕಲ್ಪನೆಯಲ್ಲ. ಎರಡರಲ್ಲೂ ಇರುವುದು ರೊಟಂಡೋನ್ ಎಂಬ ಒಂದೇ ಪದಾರ್ಥ ಎಂದು ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ತೋರಿಸಿದರು. ಓಕ್ ಮರದ ಪೀಪಾಯಿಯಲ್ಲಿಟ್ಟ ವೈನಿಗೆ ಲವಂಗದ ಘಮ ಬರುವುದು ಯೂಜಿನಾಲ್‌ನಿಂದ. ಲವಂಗದ ಎಣ್ಣೆಯಲ್ಲಿರುವುದೂ ಅದೇ. ಮಸ್ಕಟ್ ದ್ರಾಕ್ಷಿಯ ಹೂವಿನಂಥ ಕಂಪಿಗೆ ಕಾರಣವಾದ ಲಿನಲೂಲ್ ನಮ್ಮ ಕೊತ್ತಂಬರಿ ಬೀಜದಲ್ಲಿ ಧಾರಾಳವಾಗಿದೆ. ಸಾವಿನ್ಯೋ ಬ್ಲಾಂಕ್‌ನ ಹಸಿರು ವಾಸನೆ ದೊಣ್ಣೆಮೆಣಸಿನಕಾಯಿ ಹೆಚ್ಚುವಾಗ ಬರುವಂಥದ್ದು. ಕೆಲವು ಶಾರ್ಡನೆಗಳಲ್ಲಿ ಮೊಸರು ಕಡೆದು ಬೆಣ್ಣೆ ತೆಗೆಯುವ ಹೊತ್ತಿನ ವಾಸನೆ ಇರುತ್ತದೆ. ಹಾಲನ್ನು ಹುಳಿ ಮಾಡುವ ಬ್ಯಾಕ್ಟೀರಿಯಾದ ಬಳಗವೇ ಅಲ್ಲೂ ಕೆಲಸ ಮಾಡಿರುತ್ತದೆ. ದ್ರಾಕ್ಷಿಯದ್ದೇ ಹೋಲಿಕೆ ಬೇಕೆಂದರೆ 2013ರಲ್ಲಿ ಜಿಐ ಟ್ಯಾಗ್ ಪಡೆದ ಬೆಂಗಳೂರು ಬ್ಲೂ ಇದೆ. ತಳ್ಳುಗಾಡಿಯಲ್ಲಿ ಒಮ್ಮೆ ಮೂಸಿದವರು ಅದರ ಗಾಢ ಕಂಪನ್ನು ಮರೆಯುವುದಿಲ್ಲ.

ರುಚಿಯ ವಿಷಯದಲ್ಲಂತೂ ನಾವು ಒಂದು ಹೆಜ್ಜೆ ಮುಂದೆಯೇ ಇದ್ದೇವೆ. ಪಶ್ಚಿಮದವರ ಮೂಲ ರುಚಿಗಳ ಪಟ್ಟಿಯಲ್ಲಿ ಒಗರಿಗೆ ಜಾಗವಿಲ್ಲ. ನಮ್ಮ ಷಡ್ರಸಗಳಲ್ಲಿ ಸಿಹಿ, ಹುಳಿ, ಉಪ್ಪು, ಖಾರ, ಕಹಿಯ ಜೊತೆ ಒಗರೂ ಸರಿಸಮನಾಗಿ ಕೂತಿದೆ. ಕೆಂಪು ವೈನಿನ ಜೀವವೇ ಒಗರು. ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದ ಟ್ಯಾನಿನ್ ಬಾಯಿಯ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡಾಗ ನಾಲಿಗೆ ಒಣಗಿ ಎಳೆದಂತಾಗುತ್ತದೆ. ಇದನ್ನು ಹೇಳಲು ಇಂಗ್ಲಿಷಿನಲ್ಲಿ ಬರೆಯುವವರು ಎರಡು ಸಾಲು ತೆಗೆದುಕೊಳ್ಳುತ್ತಾರೆ. ನಾವು ಕಾಯಿ ಬಾಳೆಯ ಒಗರೋ, ನೆಲ್ಲಿಕಾಯಿಯ ಒಗರೋ, ನೇರಳೆ ಹಣ್ಣಿನ ಒಗರೋ ಎಂದು ಕೇಳಿದರೆ ಸಾಕು, ಜೇವರ್ಗಿಯ ಯಾವ ಓದುಗನಿಗೂ ವ್ಯತ್ಯಾಸ ಹೊಳೆಯುತ್ತದೆ. ಹುಳಿಯೂ ಹಾಗೆಯೇ. ಹುಣಸೆಯ ಹುಳಿ ಬೇರೆ, ಪುಂಡಿ ಪಲ್ಯದ ಹುಳಿ ಬೇರೆ, ಅಂಬಲಿಯ ಹುಳಿ ಬೇರೆ.

ಹಾಗೆಂದು ಊರಿನ ಹೆಸರು ತುರುಕಿದ ಮಾತ್ರಕ್ಕೆ ಟಿಪ್ಪಣಿ ನಿಜವಾಗುವುದಿಲ್ಲ. ಮೊದಲ ಮಳೆಗೆ ಎರೆ ಭೂಮಿಯಿಂದ ಏಳುವ ವಾಸನೆ ಕೇಳಲು ಚೆಂದ. ಅದೇ ವಾಸನೆ ವೈನಿನಲ್ಲಿ ಎದ್ದು ಬಂದರೆ ಅದು ದೋಷ, ಕೊಳೆತ ದ್ರಾಕ್ಷಿ ಸೇರಿದ್ದರ ಸುಳಿವು. ಚೆಂದದ ಮಾತಿಗಿಂತ ಸರಿಯಾದ ಮಾತು ದೊಡ್ಡದು.

ಸರಿಯಾದ ಮಾತಿಗೆ ಪರೀಕ್ಷೆ ಬೇಕು. ಫ್ರಾನ್ಸಿನ ಬೋರ್ಡೊದಲ್ಲಿ ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ ಅವರು ಅದನ್ನು ಕೆಂಪು ವೈನಿನ ಮಾತುಗಳಲ್ಲೇ ಬಣ್ಣಿಸಿದರು. 2001ರಲ್ಲಿ ಪ್ರಕಟವಾದ ಈ ಪ್ರಯೋಗ ಹೇಳುವುದಿಷ್ಟೇ: ಕಣ್ಣು ನೋಡಿದ್ದನ್ನೇ ಮೂಗು ಒಪ್ಪಿಬಿಡುತ್ತದೆ. ಅದಕ್ಕೂ ಮೊದಲು, 1976ರ ಮೇ 24ರಂದು ಪ್ಯಾರಿಸಿನಲ್ಲಿ ಸ್ಟೀವನ್ ಸ್ಪರಿಯರ್ ಏರ್ಪಡಿಸಿದ್ದ ಸ್ಪರ್ಧೆಯಲ್ಲಿ ಲೇಬಲ್ ಮುಚ್ಚಿಟ್ಟು ರುಚಿ ನೋಡಿದ ಫ್ರೆಂಚ್ ತೀರ್ಪುಗಾರರು ತಮ್ಮ ದೇಶದ ಹೆಸರಾಂತ ವೈನುಗಳನ್ನು ಬಿಟ್ಟು ಕ್ಯಾಲಿಫೋರ್ನಿಯಾದವಕ್ಕೆ ಮೊದಲ ಸ್ಥಾನ ಕೊಟ್ಟರು. ಲೇಬಲ್ ಕಂಡಿದ್ದರೆ ಹಾಗಾಗುತ್ತಿತ್ತೇ?

ಆದ್ದರಿಂದ ರುಚಿ ಬರೆಯುವವರು ಬಾಟಲಿಗೆ ಕಾಗದ ಸುತ್ತಿ, ಬೇರೆಯವರ ಕೈಯಲ್ಲಿ ಗ್ಲಾಸಿಗೆ ನಂಬರ್ ಹಾಕಿಸಿ, ಬೆಲೆ ಮತ್ತು ಹೆಸರು ತಿಳಿಯುವ ಮೊದಲೇ ಬರೆದಿಡಬೇಕು. ಎಷ್ಟು ತಂಪಿತ್ತು ಎಂಬುದನ್ನೂ ಬರೆಯಬೇಕು. ಕೆಂಪು ವೈನನ್ನು ಕೋಣೆಯ ಉಷ್ಣಾಂಶದಲ್ಲಿ ಕೊಡಬೇಕೆಂಬ ಮಾತು ಹುಟ್ಟಿದ್ದು ಯೂರೋಪಿನ ಚಳಿ ಮನೆಗಳಲ್ಲಿ. ಅದರ ಅರ್ಥ ಸುಮಾರು 16ರಿಂದ 18 ಡಿಗ್ರಿ. ಮೇ ತಿಂಗಳಲ್ಲಿ 40 ದಾಟುವ ಕಲಬುರಗಿಯ ಕೋಣೆಗೆ ಆ ಮಾತು ಹೊಂದುವುದಿಲ್ಲ. ಬಿಸಿಲಿಗೆ ಬೆಂದ ಬಾಟಲಿ ಕುಡಿದು ತಯಾರಿಸಿದವರನ್ನು ಬೈದರೆ ಅನ್ಯಾಯ. ಬಾಟಲಿ ಪುಕ್ಕಟೆ ಬಂದಿದ್ದರೆ ಅದನ್ನು ಮೊದಲ ಸಾಲಿನಲ್ಲೇ ಹೇಳಬೇಕು. ಇನ್ನೊಬ್ಬರಿಗೆ ಹತ್ತಿದ ವಾಸನೆ ತನಗೆ ಹತ್ತದಿದ್ದರೆ ಹಾಗೆಯೇ ಬರೆಯಲು ಅಂಜಬಾರದು. ಮೇಲೆ ಹೇಳಿದ ರೊಟಂಡೋನ್ ಸುಮಾರು ಐವರಲ್ಲಿ ಒಬ್ಬರ ಮೂಗಿಗೆ ತಿಳಿಯುವುದೇ ಇಲ್ಲವೆಂದು ಅದೇ ಸಂಶೋಧನೆ ಹೇಳಿದೆ.

ಇಷ್ಟು ಓದಿ ಕೆಲವರು ಸಿಟ್ಟಾಗಬಹುದು. ಕುಡಿತದಿಂದ ಮನೆಗಳು ಹಾಳಾಗುತ್ತಿರುವಾಗ ಯುವಕರಿಗೆ ವೈನ್ ಪಾಠವೇ ಎಂದು ಕೇಳಬಹುದು. ಆ ಪ್ರಶ್ನೆ ನ್ಯಾಯವಾದದ್ದು. ಆಲ್ಕೋಹಾಲಿಗೆ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ವೈನ್ ಆರೋಗ್ಯಕ್ಕೆ ಒಳ್ಳೆಯದು ಎಂದು ಬರೆಯುವವರನ್ನು ನಂಬಬೇಕಿಲ್ಲ. ವೃತ್ತಿಯಿಂದ ರುಚಿ ನೋಡುವವರು ಗುಟುಕನ್ನು ಬಾಯಲ್ಲಿ ಆಡಿಸಿ ಉಗಿಯುತ್ತಾರೆ, ನುಂಗುವುದಿಲ್ಲ. ಕುಡಿಯದವರು ಈ ವಿದ್ಯೆ ಕಲಿಯಲು ವೈನ್ ಮುಟ್ಟಬೇಕಾಗಿಯೂ ಇಲ್ಲ. ಏಕೆಂದರೆ ಇದೇ ವಿದ್ಯೆ ಹೆಚ್ಚು ಬೇಕಾಗಿರುವುದು ನಮ್ಮ ಹೊಲದ ಬೆಳೆಗೆ.

ನಮ್ಮದು ತೊಗರಿಯ ಕಣಜ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಆದರೆ ಆಫ್ರಿಕಾದಿಂದ, ಮ್ಯಾನ್ಮಾರಿನಿಂದ ಆಮದಾದ ಬೇಳೆಗಿಂತ ನಮ್ಮದು ರುಚಿಯಲ್ಲಿ ಹೇಗೆ ಬೇರೆ ಎಂದು ಹೊರಗಿನವರು ಕೇಳಿದರೆ 'ನಮ್ಮದು ಛಲೋ ಐತಿ' ಅನ್ನುವುದನ್ನು ಬಿಟ್ಟು ಏನು ಹೇಳುತ್ತೇವೆ? ಮೂರು ಕಡೆಯ ಬೇಳೆ ತಂದು, ಒಂದೇ ನೀರಿನಲ್ಲಿ, ಉಪ್ಪು ಹಾಕದೆ ಬೇಯಿಸಿ, ಬಟ್ಟಲಿಗೆ ನಂಬರ್ ಹಾಕಿ, ಹೆಸರು ತಿಳಿಯದವರ ಮುಂದೆ ಇಟ್ಟು ನೋಡೋಣ. ಎಷ್ಟು ಹೊತ್ತಿಗೆ ಬೆಂದಿತು, ಕುದಿಯುವಾಗ ಯಾವ ವಾಸನೆ ಬಂತು, ನಾಲಿಗೆಯ ಮೇಲೆ ಸಿಹಿ ಎಷ್ಟು ಹೊತ್ತು ನಿಂತಿತು, ಬರೆದಿಡೋಣ. ನಮ್ಮದು ಮೇಲಲ್ಲ ಎಂದು ಬಂದರೂ ಮುಚ್ಚಿಡದೆ ಬರೆಯೋಣ. ಅಫಜಲಪುರದ ಕಬ್ಬಿನ ಬೆಲ್ಲ, ಜೋಳದ ತಳಿಗಳು, ಶೇಂಗಾ ಹಿಂಡಿ ಎಲ್ಲಕ್ಕೂ ಹೀಗೊಂದು ನೋಟ್‌ಬುಕ್ ಇರಲಿ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ, ನಮ್ಮ ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಇದು ಖರ್ಚಿಲ್ಲದ ಕೆಲಸ.

ವೈನ್ ಬರೆಯುವವರು ವೈನನ್ನೇ ಬರೆಯಲಿ. ಆದರೆ ಬ್ಲ್ಯಾಕ್‌ಕರಂಟ್ ಎಂದು ಬರೆಯುವ ಮುನ್ನ ಅವ್ವನ ಮಸಾಲೆ ಡಬ್ಬಿಯ ಮುಚ್ಚಳ ಒಮ್ಮೆ ತೆಗೆದು ಮೂಸಿ ನೋಡಲಿ. ಅಲ್ಲಿ ಸಿಗುವ ಮಾತು ಓದುಗನಿಗೆ ತಿಳಿಯುತ್ತದೆ, ನಾಳೆ ಅದೇ ಮಾತು ನಮ್ಮ ರೈತನ ಮಾಲಿಗೂ ಬೆಲೆ ಕೇಳಲು ಬರುತ್ತದೆ.