ಮೋಡ ನೆಲಕ್ಕಿಳಿಯಲಿ

ಆಷಾಢದ ಮಳೆ ಹಿಡಿಯಿತೆಂದರೆ ಮಲೆನಾಡಿನಲ್ಲಿ ಮೊದಲು ಹೋಗುವುದು ವಿದ್ಯುತ್ತು. ಅದರ ಬೆನ್ನಿಗೇ ಗೋಪುರದ ಬ್ಯಾಟರಿ ಬರಿದಾಗಿ ಮೊಬೈಲ್ ಸಂಪರ್ಕವೂ ಹೋಗುತ್ತದೆ. ಕೆಲವು ವರ್ಷಗಳ ಹಿಂದೆ ಕಂಪನಿಯೊಂದು ನಮ್ಮ ಅಡಿಕೆ ತೋಟದಲ್ಲಿ ಕೊಳೆರೋಗದ ಮುನ್ಸೂಚನೆ ನೀಡುವ ಯಂತ್ರವನ್ನು ನಿಲ್ಲಿಸಿತ್ತು. ಮಳೆ, ಉಷ್ಣತೆ, ತೇವಾಂಶಗಳನ್ನು ಅಳೆದು ಕಳಿಸುವುದಷ್ಟೇ ಅದರ ಕೆಲಸ. ಲೆಕ್ಕವೆಲ್ಲ ನಡೆಯುತ್ತಿದ್ದುದು ನೂರಾರು ಕಿಲೋಮೀಟರ್ ದೂರದ ದತ್ತಾಂಶ ಕೇಂದ್ರದಲ್ಲಿ. ಆ ವರ್ಷ ಎಂಟು ದಿನ ಸಂಪರ್ಕ ಕಡಿದುಹೋಯಿತು. ನಡುವೆ ಎರಡು ದಿನ ಮಳೆ ಬಿಡುವು ಕೊಟ್ಟಿತ್ತು. ಎರಡನೆಯ ಕೊಳೆಮದ್ದನ್ನು ಆಗಲೇ ಹೊಡೆಯಬಹುದಿತ್ತು. ಎಚ್ಚರಿಕೆ ನಮ್ಮನ್ನು ತಲುಪಿದ್ದು ಒಂಬತ್ತನೆಯ ದಿನ. ಅಷ್ಟರಲ್ಲಿ ಕೊಳೆತ ಕಾಯಿ ಮರದಡಿ ಹಾಸಿಬಿದ್ದಿತ್ತು.

ಯಂತ್ರದ ಅಳತೆಯಲ್ಲಿ ತಪ್ಪಿರಲಿಲ್ಲ. ಲೆಕ್ಕ ಎಲ್ಲಿ ನಡೆಯಬೇಕೆಂಬ ತೀರ್ಮಾನದಲ್ಲಿ ತಪ್ಪಿತ್ತು.

‘ಕ್ಲೌಡ್’ ಎಂದು ಕರೆಯಲಾಗುವ ಗಣಕವ್ಯವಸ್ಥೆ ಆಕಾಶದಲ್ಲಿಲ್ಲ. ಅದಿರುವುದು ಹೇರಳ ವಿದ್ಯುತ್ತನ್ನೂ ತಂಪುಗೊಳಿಸುವ ಏರ್ಪಾಟನ್ನೂ ಬೇಡುವ ಬೃಹತ್ ಕಟ್ಟಡಗಳಲ್ಲಿ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಜಗತ್ತಿನ ದತ್ತಾಂಶ ಕೇಂದ್ರಗಳು ಬಳಸಿದ ವಿದ್ಯುತ್ತು ಸುಮಾರು 41,500 ಕೋಟಿ ಯೂನಿಟ್. ಅದು ಜಗತ್ತಿನ ಒಟ್ಟು ಬಳಕೆಯ ಶೇಕಡಾ 1.5ರಷ್ಟು. ಇದಕ್ಕೆ ಪೂರಕವಾಗಿ ಬೆಳೆದ ಇನ್ನೊಂದು ಕ್ರಮವೇ ‘ಎಡ್ಜ್ ಕಂಪ್ಯೂಟಿಂಗ್’. ಮಾಹಿತಿ ಹುಟ್ಟುವ ಸ್ಥಳದ ಸಮೀಪದಲ್ಲೇ ಸಣ್ಣ ಗಣಕಗಳನ್ನು ಇರಿಸಿ, ತಂತ್ರಾಂಶದ ಒಂದು ಭಾಗವನ್ನು ಅಲ್ಲಿಯೇ ನಡೆಸುವುದು ಅದರ ತತ್ತ್ವ. 2012ರಲ್ಲಿ ಸಿಸ್ಕೊ ಕಂಪನಿಯ ಸಂಶೋಧಕರು ಇಂಥದೇ ಕ್ರಮವನ್ನು ‘ಫಾಗ್’, ಅಂದರೆ ಮಂಜು, ಎಂದು ಕರೆದರು. ಮೋಡ ನೆಲಕ್ಕಿಳಿದರೆ ಮಂಜಾಗುತ್ತದೆಂದು ಮಲೆನಾಡಿಗರಿಗೆ ಯಾರೂ ವಿವರಿಸಬೇಕಿಲ್ಲ.

ಹಲವು ವರ್ಷಗಳ ದಾಖಲೆಯಿಂದ ರೋಗದ ಸೂತ್ರವನ್ನು ರೂಪಿಸುವುದು ಕೇಂದ್ರದ ಕೆಲಸವಾಗಿಯೇ ಉಳಿಯಲಿ. ಸಂಪರ್ಕವಿದ್ದಾಗ ಆ ಸೂತ್ರ ಊರಿನ ಪೆಟ್ಟಿಗೆಗೆ ಇಳಿಯಲಿ. ಸಂಪರ್ಕ ಹೋದಾಗ ಪೆಟ್ಟಿಗೆಯೇ ಲೆಕ್ಕಮಾಡಿ ಎಚ್ಚರಿಸಲಿ. ಮರಳಿ ಬಂದಾಗ ದಾಖಲೆಯ ಸಾರಾಂಶವನ್ನು ಕಳಿಸಲಿ. ತೋಟದ ಅಳತೆಗಳನ್ನು ಪೆಟ್ಟಿಗೆಗೆ ಮುಟ್ಟಿಸಲು 865ರಿಂದ 867 ಮೆಗಾಹರ್ಟ್ಸ್ ರೇಡಿಯೊ ತರಂಗಗಳಿವೆ. ನಿಗದಿತ ಶಕ್ತಿಮಿತಿಯೊಳಗೆ ಬಳಸಿದರೆ ನಮ್ಮ ದೇಶದಲ್ಲಿ ಅವಕ್ಕೆ ಪರವಾನಗಿ ಬೇಕಿಲ್ಲ. ಮಳೆಗಾಲದಲ್ಲಿ ಸೌರಫಲಕ ಸೊರಗಿದರೂ, ಹಳ್ಳದ ನೀರಿನಿಂದ ನಡೆಯುವ ಕಿರು ವಿದ್ಯುತ್ ಯಂತ್ರಗಳು ಆಗಲೇ ಚೆನ್ನಾಗಿ ತಿರುಗುತ್ತವೆ.

ತೊಡಕುಗಳೂ ಇವೆ. ಒಂದೆಡೆಯ ಸಾವಿರ ಗಣಕಗಳನ್ನು ನೋಡಿಕೊಳ್ಳುವುದಕ್ಕಿಂತ ಸಾವಿರ ಕಡೆಯ ಒಂದೊಂದನ್ನು ನೋಡಿಕೊಳ್ಳುವುದು ಕಷ್ಟ. ಸಿಡಿಲು, ಇರುವೆ, ಬೂಸ್ಟು ಇವುಗಳಿಂದ ಕೆಟ್ಟ ಪೆಟ್ಟಿಗೆ ಕಾಡಿನಂಚಿನ ಕಸವಾಗುತ್ತದೆ. ಹಳೆಯ ಸೂತ್ರವೇ ಉಳಿದುಕೊಂಡರೆ ಎಚ್ಚರಿಕೆಯೂ ಹುಸಿಯಾಗುತ್ತದೆ.

ಆದರೂ ಈ ದಾರಿ ನಮಗೆ ಹೊಸತಲ್ಲ. 1910ರ ಸುಮಾರಿಗೆ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗವನ್ನು ಅಧ್ಯಯನ ಮಾಡಿ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. ವಿದ್ಯೆ ಹೊರಗಿನದು, ಆದರೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಕೂಡಿಸಿ ಮದ್ದು ಮಾಡುವುದು ನಮ್ಮ ತೋಟದಲ್ಲೇ. ಅದು ಬೆಳೆಗಾರನ ಕೈಗೆ ದಕ್ಕಿದ್ದರಿಂದಲೇ ಇಂದಿಗೂ ಉಳಿದಿದೆ.

ಆದ್ದರಿಂದ ಯಂತ್ರ ಹೊತ್ತು ಬರುವವರನ್ನು ಗ್ರಾಮಸಭೆಯಲ್ಲಿ ಮೂರು ಪ್ರಶ್ನೆ ಕೇಳೋಣ. ಸಂಪರ್ಕವಿಲ್ಲದೆ ಇದು ಎಷ್ಟು ದಿನ ಎಚ್ಚರಿಸಬಲ್ಲದು? ನಮ್ಮ ತೋಟದ ದಾಖಲೆ ಮೊದಲು ನಮ್ಮ ಕೈಯಲ್ಲಿರುತ್ತದೆಯೇ? ಕೆಟ್ಟರೆ ಊರಿನ ಹುಡುಗ ಹುಡುಗಿಯರು ಇದನ್ನು ಬಿಚ್ಚಿ ಸರಿಪಡಿಸಬಹುದೇ? ಮೂರನೆಯದಕ್ಕೆ ಉತ್ತರವಾಗಬೇಕಾದವರು ನಮ್ಮ ವಿದ್ಯಾರ್ಥಿಗಳು. ಮುಂದಿನ ಮಳೆಗಾಲಕ್ಕೆ ಮುನ್ನ ಅವರು ಆ ವಿದ್ಯೆಯನ್ನು ಕಲಿಯಲು ತೊಡಗಲಿ.