ಅಪ್ಪನ ವಾಚಿಗೆ ಹೊಸ ಬಣ್ಣ ಬೇಡ

ನಮ್ಮ ಕಡೆ ಯಾರ ಮನೆಯ ಬೀರು ತೆಗೆದರೂ ಒಂದು ನಿಂತುಹೋದ ವಾಚು ಸಿಗುತ್ತದೆ. ಪಹಣಿ, ಹಳೇ ರೇಷನ್ ಕಾರ್ಡು, ಎಲ್‌ಐಸಿ ಬಾಂಡುಗಳ ಕೆಳಗೆ, ಕರ್ಚೀಫಿನಲ್ಲಿ ಸುತ್ತಿಟ್ಟ ಎಚ್‌ಎಂಟಿ. ತೀರಿಹೋದ ಅಪ್ಪನದ್ದೋ ತಾತನದ್ದೋ ಆಗಿರುತ್ತದೆ. ಜಮೀನು ಭಾಗ ಮಾಡುವಾಗ ಬಾವಿ, ಮರ, ಕೊಟ್ಟಿಗೆ ಎಲ್ಲಾ ಬರೆಸುತ್ತೇವೆ. ವಾಚಿನ ಮಾತು ಯಾರೂ ಎತ್ತುವುದಿಲ್ಲ. ಯಾರ ಕೈಗೆ ಸಿಕ್ಕಿತೋ ಅವರದ್ದು.

ಈಗ ಇಂಥ ವಾಚುಗಳಿಗೆ ಮತ್ತೆ ಕಾಲ ಬಂದಿದೆ. ಮೊಬೈಲ್ ತೆಗೆದರೆ ಸಾಕು, ತುಕ್ಕು ಹಿಡಿದ ವಾಚನ್ನು ಒಂದು ನಿಮಿಷದಲ್ಲಿ ಫಳಫಳ ಹೊಳೆಸಿ ತೋರಿಸುವ ವಿಡಿಯೋಗಳು. ಅವನ್ನು ನೋಡಿ ನಾವೂ ಮೋಸ ಹೋದೆವು. ಯಾರೂ ಸುಳ್ಳು ಹೇಳಲಿಲ್ಲ, ನಮ್ಮ ಆಸೆಯೇ ಮೋಸ ಮಾಡಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇವೆ.

ನಮ್ಮಪ್ಪ ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಅವರ ವಾಚು ಎಚ್‌ಎಂಟಿ ಜನತಾ. ಬಿಳಿ ಡಯಲ್, ದಿನಾ ಕೀ ಕೊಡಬೇಕು. ನಾಲ್ಕರ ಅಂಕಿಯ ಹತ್ತಿರ ಟೀ ಚೆಲ್ಲಿದ ಹಾಗೆ ಕಂದು ಕಲೆ. ಒಂದು ಸಲ ತೊಟ್ಟಿಯಲ್ಲಿ ಕೈ ತೊಳೆಯುವಾಗ ನೀರು ಹೋಗಿ ಆದದ್ದಂತೆ. ನಾವು ಟೈಮು ನೋಡಲು ಕಲಿತದ್ದು ಆ ವಾಚಿನಲ್ಲಿ. ದೊಡ್ಡ ಮುಳ್ಳು ಕಲೆ ದಾಟಿತು ಅಂದರೆ ಶಾಲೆಗೆ ಹೊರಡು ಅಂತ ಲೆಕ್ಕ.

ಅಪ್ಪ ಹೋಗಿ ನಾಲ್ಕು ವರ್ಷವಾಯಿತು. ಹೋದ ವರ್ಷ ನಾವು ಅಣ್ಣ ತಮ್ಮ ಸೇರಿ ವಾಚು ರಿಪೇರಿ ಮಾಡಿಸೋಣ ಅಂದುಕೊಂಡೆವು. ಪರಿಚಯದವರ ಕೈಲಿ ಬೆಂಗಳೂರಿನ ಒಂದು ಅಂಗಡಿಗೆ ಕಳಿಸಿದೆವು. 1,800 ರೂಪಾಯಿ. ಹದಿನೈದು ದಿನಕ್ಕೆ ವಾಚು ಬಂತು. ನೀಲಿ ಡಯಲ್, ಹೊಸ ಅಂಕಿಗಳು, ಪಾಲಿಶ್ ಹೊಡೆದ ಕೇಸು, ಹೊಸ ಬೆಲ್ಟು. ನಮಗೆ ಖುಷಿಯೋ ಖುಷಿ. ತಂದು ಅಮ್ಮನ ಕೈಗೆ ಕೊಟ್ಟೆವು.

ಅಮ್ಮ ತಿರುಗಿಸಿ ತಿರುಗಿಸಿ ನೋಡಿ, "ಯಾರ್ದೋ ಇದು?" ಅಂದರು.

ಅಪ್ಪಂದೇ ಅಂತ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ನಿಮ್ಮಪ್ಪಂದಲ್ಲ ಕಣ್ರೋ, ನಮ್ಮಪ್ಪ ಕೊಡಿಸಿದ್ದು. ನನ್ನೊಂದ್ ಮಾತು ಕೇಳ್ಬೋದಿತ್ತು" ಅಂದರು.

ಆಮೇಲೆ ತಿಳಿದ ವಿಷಯ ಇದು. ಅಮ್ಮನ ತವರು ಶ್ರೀನಿವಾಸಪುರ ಕಡೆ. 1979ರಲ್ಲಿ ಮದುವೆ. ಆ ವರ್ಷದ ಮಾವಿನ ಫಸಲಿನ ದುಡ್ಡಲ್ಲಿ ತಾತ ಅಳಿಯನಿಗೆ ವರೋಪಚಾರ ಅಂತ ಕೊಡಿಸಿದ್ದು ಆ ವಾಚು. ವರದಕ್ಷಿಣೆಯ ಇನ್ನೊಂದು ಹೆಸರೇ ವರೋಪಚಾರ, ಅದನ್ನು ನಾವು ಹೊಗಳುತ್ತಿಲ್ಲ. ಆದರೆ ಅಮ್ಮನಿಗೆ ತನ್ನ ಅಪ್ಪನ ನೆನಪು ಅಂತ ಉಳಿದಿದ್ದ ವಸ್ತು ಅದೊಂದೇ. ಇಷ್ಟು ವರ್ಷ ಎಲ್ಲರೂ ಅದನ್ನು 'ಅಪ್ಪನ ವಾಚು' ಅಂತಲೇ ಕರೆದೆವು. ಅಮ್ಮನನ್ನು ಕೇಳಬೇಕು ಅಂತ ನಮಗೆ ಹೊಳೆಯಲೇ ಇಲ್ಲ.

ಹಳೇ ಡಯಲ್ ವಾಪಸ್ ಹಾಕಿಸೋಣ ಅಂತ ಅಂಗಡಿಗೆ ಫೋನ್ ಮಾಡಿದೆವು. ಹಳೇದು ಅಂತ ಬೇರೆ ಇರುವುದಿಲ್ಲವಂತೆ. ಅದೇ ತಗಡಿನ ಮೇಲಿನ ಬಣ್ಣ ಕೆರೆದು ಹೊಸ ಬಣ್ಣ ಹೊಡೆದು ಅಕ್ಷರ ಅಚ್ಚು ಹಾಕುತ್ತಾರೆ. ಕಲೆಯ ಜೊತೆ ಎಲ್ಲಾ ಹೋಯಿತು. ಅದು ಮತ್ತೆ ಬರುವಂಥದ್ದಲ್ಲ.

ಎರಡು ತಿಂಗಳಿಗೆ ವಾಚು ನಿಂತಿತು. ಈ ಸಲ ಕೋಲಾರ ಪೇಟೆಯಲ್ಲಿ ಒಂದು ಡಬ್ಬಾ ಅಂಗಡಿ ಇಟ್ಟುಕೊಂಡಿರುವ ಹಿರಿಯ ಸಾಬರ ಹತ್ತಿರ ಹೋದೆವು. ಕಣ್ಣಿಗೆ ಗ್ಲಾಸು ಸಿಕ್ಕಿಸಿಕೊಂಡು ಹಿಂದಿನ ಮುಚ್ಚಳ ಬಿಚ್ಚಿದರು. ಮೆಷಿನ್ ಹೊರಗೆ ತೆಗೆದು ಕೇಸನ್ನು ಬಿಳಿ ಕಾಗದದ ಮೇಲೆ ತಟ್ಟಿದರು. ಚಿಟಿಕೆ ಕೆಂಪು ಪುಡಿ ಉದುರಿತು.

"ನಿಮ್ದು ಮಾಲೂರಾ?" ಅಂದರು.

"ಹೌದು ಭಾಯ್, ಹೇಗ್ ಗೊತ್ತಾಯ್ತು?"

"ಹೆಂಚಿನ ಫ್ಯಾಕ್ಟ್ರಿಯೋರ ವಾಚು ಎಷ್ಟು ಬಿಚ್ಚಿದೀನಿ. ಒಳಗಡೆ ಎಲ್ಲಾ ಇದೇ ಕೆಂಪು."

ಅಂದರೆ 1,800 ರೂಪಾಯಿ ತೆಗೆದುಕೊಂಡವರು ಹೊರಗೆ ಬಣ್ಣ ಹೊಡೆದಿದ್ದರು, ಒಳಗೆ ಕೈಯೇ ಹಾಕಿರಲಿಲ್ಲ. ಅಪ್ಪನ ಕಾರ್ಖಾನೆಯ ಧೂಳು ಹಾಗೇ ಇತ್ತು. ಆ ಪುಡಿಯನ್ನು ಕಾಗದದಲ್ಲಿ ಕಟ್ಟಿಕೊಡಿ ಅಂತ ಕೇಳೋಣ ಅನ್ನುವಷ್ಟರಲ್ಲಿ ಸಾಬರು ಉಫ್ ಅಂತ ಊದಿಬಿಟ್ಟರು. ಅವರ ಕೆಲಸ ಅವರಿಗೆ. ಧೂಳು ಒಳಗಿದ್ದರೆ ಚಕ್ರ ಸವೆಯುತ್ತದೆ.

ಇಲ್ಲಿ ಸ್ವಲ್ಪ ಮೆಷಿನ್ ವಿಷಯ ಹೇಳಬೇಕು. ಜನತಾ ಸೆಕೆಂಡಿಗೆ 5 ಸಲ, ಗಂಟೆಗೆ 18,000 ಸಲ ಬಡಿಯುತ್ತದೆ. ದಿನಕ್ಕೆ ನಾಲ್ಕು ಲಕ್ಷ ದಾಟುತ್ತದೆ. ಚಕ್ರಗಳ ಮೊನೆ ಸವೆಯದಿರಲಿ ಅಂತಲೇ 17 ಕಲ್ಲು ಕೂರಿಸಿರುತ್ತಾರೆ. ಡಯಲ್ ಮೇಲೆ '17 ಜ್ಯುವೆಲ್ಸ್' ಅಂತ ಇರುವುದು ಅದಕ್ಕೆ. ಒಳಗೆ ಬೆಲೆಬಾಳುವ ಕೆಂಪು ಇದೆ, ಕಿತ್ತು ಮಾರಬಹುದು ಅಂತ ಊರಲ್ಲಿ ಹೇಳುವವರಿದ್ದಾರೆ. ಅವು ಕಾರ್ಖಾನೆಯಲ್ಲಿ ಮಾಡಿದ ಕಲ್ಲು, ಮಾರಿದರೆ ಟೀ ಕಾಸು ಸಹ ಹುಟ್ಟುವುದಿಲ್ಲ. ವರ್ಷಗಟ್ಟಲೆ ಬೀರುವಿನಲ್ಲಿದ್ದರೆ ಎಣ್ಣೆ ಒಣಗಿ ಅಂಟಾಗುತ್ತದೆ. ಅದನ್ನು ತೊಳೆಯದೆ ಕೀ ಕೊಟ್ಟು ಓಡಿಸಿದರೆ ಮೊನೆಗಳು ತಿಂದುಹೋಗುತ್ತವೆ. ಆದ್ದರಿಂದ ರಿಪೇರಿ ಅಂದರೆ ಮೊದಲು ಬಿಚ್ಚಿ, ತೊಳೆದು, ಎಣ್ಣೆ ಹಾಕುವುದು. ಉಳಿದದ್ದೆಲ್ಲ ಆಮೇಲೆ.

ನಮ್ಮ ಮಾತು ಇಷ್ಟೇ. ವಾಚು ಓಡಲು ಏನು ಬೇಕೋ ಅದನ್ನು ಮಾಡಿಸಿ. ನೋಡೋಕೆ ಹೊಸದಾಗಲಿ ಅಂತ ಏನೂ ಮಾಡಿಸಬೇಡಿ. ಧೂಳು ಹೋಗಲಿ, ಕಲೆ ಇರಲಿ. ಸ್ಪ್ರಿಂಗು, ಕೀ ಕೊಡುವ ಗುಂಡಿ ಹಾಳಾಗಿದ್ದರೆ ಬದಲಾಯಿಸಿ, ತಪ್ಪಿಲ್ಲ. ಆ ಕಾಲದ ಎಚ್‌ಎಂಟಿಗಳ ಗ್ಲಾಸು ಬಹುಮಟ್ಟಿಗೆ ಪ್ಲಾಸ್ಟಿಕ್ಕು. ಸಣ್ಣಪುಟ್ಟ ಗೀರಿದ್ದರೆ ಟೂತ್‌ಪೇಸ್ಟ್ ಹಚ್ಚಿ ಮೆತ್ತನೆ ಬಟ್ಟೆಯಲ್ಲಿ ಉಜ್ಜಿದರೆ ಎಷ್ಟೋ ಮಾಯುತ್ತದೆ. ಆದರೆ ಡಯಲ್ ಮುಟ್ಟಬೇಡಿ ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಬಣ್ಣ ಹೊಡೆಯುವುದೇ ಸೇವೆ ಅಂದುಕೊಳ್ಳುತ್ತಾರೆ. ಕೊಡುವ ಮುಂಚೆ ಡಯಲ್, ಹಿಂದಿನ ಮುಚ್ಚಳ ಎರಡರ ಫೋಟೋ ಮೊಬೈಲಿನಲ್ಲಿ ತೆಗೆದಿಡಿ. ಮುಚ್ಚಳ ಬಿಚ್ಚಿದಾಗ ಮೆಷಿನ್‌ದೂ ಒಂದು ಇರಲಿ. ತೆಗೆದ ಹಳೇ ಪಾರ್ಟು ವಾಪಸ್ ಕೇಳಿ.

ಆನ್‌ಲೈನಿನಲ್ಲಿ ಕೆಂಪು, ಹಸಿರು, ನವಿಲು ಬಣ್ಣದ ಡಯಲ್ ಹಾಕಿ 'ಅಪ್ಪಟ ವಿಂಟೇಜ್ ಎಚ್‌ಎಂಟಿ' ಅಂತ ಮಾರುತ್ತಾರೆ. ಅವುಗಳಲ್ಲಿ ಬಹಳಷ್ಟು ನಾಲ್ಕು ವಾಚಿನ ಪಾರ್ಟು ಸೇರಿಸಿ ಒಂದು ಮಾಡಿದವು. ಸಂಗ್ರಹಕಾರರು ಇಂಥವನ್ನು 'ಮುಂಬೈ ಸ್ಪೆಷಲ್' ಅಂತ ಗೇಲಿ ಮಾಡುತ್ತಾರೆ. ಅಕ್ಷರ ಸೊಟ್ಟಗಿದ್ದರೆ, ದಪ್ಪವಾಗಿದ್ದರೆ ಅನುಮಾನಪಡಿ. ನಾವು 1,800 ಕೊಟ್ಟು ನಮ್ಮ ಒಳ್ಳೇ ವಾಚನ್ನು ಅದೇ ಜಾತಿಗೆ ಸೇರಿಸಿದೆವು.

ಎಚ್‌ಎಂಟಿ ವಾಚು ನಮ್ಮ ರಾಜ್ಯದಲ್ಲೇ ಹುಟ್ಟಿದ್ದು. 1961ರಲ್ಲಿ ಬೆಂಗಳೂರಿನಲ್ಲಿ, ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಶುರುವಾಯಿತು. ಆಮೇಲೆ ಮಾಲೂರಿನ ಗಡಿ ದಾಟಿದರೆ ಸಿಗುವ ಹೊಸೂರಿನಲ್ಲೇ ಟೈಟನ್ ಬಂತು, ಸೆಲ್ ವಾಚು ಬಂತು, ಕೀ ಕೊಡುವವರು ಕಡಿಮೆಯಾದರು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿ ಮುಚ್ಚಲು ಒಪ್ಪಿಗೆ ಕೊಟ್ಟಿತು. ಕಂಪನಿ ಮುಚ್ಚಿದರೂ ವಾಚುಗಳು ಓಡುತ್ತವೆ, ಓಡಿಸಬಲ್ಲವರು ಇದ್ದರೆ.

ಸಾಬರು ತೆಗೆದುಕೊಂಡಿದ್ದು 450 ರೂಪಾಯಿ. ಮೂರು ದಿನದ ಕೆಲಸ. ನಮ್ಮ ಕಣ್ಣೆದುರೇ ಒಬ್ಬರು ಅವರ ಹತ್ತಿರ 50 ರೂಪಾಯಿಗೆ ಚೌಕಾಸಿ ಮಾಡಿ, ಪಕ್ಕದ ಮೊಬೈಲ್ ಅಂಗಡಿಯಲ್ಲಿ 200 ಕೊಟ್ಟು ಟೆಂಪರ್ ಗ್ಲಾಸ್ ಹಾಕಿಸಿಕೊಂಡು ಮಾತಾಡದೆ ಹೋದರು. ಸಾಬರ ಮಕ್ಕಳು ಈ ಕೆಲಸಕ್ಕೆ ಬಂದಿಲ್ಲ. ಬರಲಿ ಅಂತ ಯಾವ ಬಾಯಲ್ಲಿ ಹೇಳುವುದು?

ವಾಚು ಈಗ ಓಡುತ್ತಿದೆ, ದಿನಕ್ಕೆ ನಾಲ್ಕು ನಿಮಿಷ ಹಿಂದೆ. ಡೇರಿಗೆ ಹಾಲು ಹಾಕಿ ಬಂದ ಮೇಲೆ ಅಮ್ಮನೇ ಕೀ ಕೊಡುತ್ತಾರೆ. ಕಿವಿಗಿಟ್ಟು ಕೇಳಿ, ನೀಲಿ ಡಯಲ್ ಕೆಳಗೆ ಮಾಡಿ ಇಡುತ್ತಾರೆ.

ಮುಳಬಾಗಿಲಿನ ಚಿಕ್ಕಪ್ಪನ ಮನೆಯಲ್ಲಿ ಇನ್ನೊಂದು ಎಚ್‌ಎಂಟಿ ಇದೆ. ಪೈಲಟ್, ಕಪ್ಪು ಡಯಲ್, ಅಂಚಿನಲ್ಲಿ ಬಣ್ಣ ಎದ್ದಿದೆ. ಮುಂದಿನ ಸೋಮವಾರ ಸಾಬರ ಹತ್ತಿರ ತೆಗೆದುಕೊಂಡು ಹೋಗುತ್ತಿದ್ದೇವೆ. ಚಿಕ್ಕಮ್ಮನನ್ನು ಕೇಳಿಯಾಗಿದೆ.